ತೊಡೆಯ ಮೇಲೆ ಕೂರಿಸಿಕೊಂಡು ಜಾರಬೇಡ, ಸುಮಾ

ಸುಮಾ, ನಿನ್ನ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆ. ಪೂಜೆ ಮುಗಿಸಿ ನಿಧಾನವಾಗಿ ಉತ್ತರಿಸೋಣವೆಂದು ಕಾದೆ. ಈ ಭಾನುವಾರ ಮಕ್ಕಳಿಬ್ಬರನ್ನೂ ಪಾರ್ಕಿನ ಅಡ್ವೆಂಚರ್ ಆಟದ ಅಂಗಳಕ್ಕೆ ಕರೆದುಕೊಂಡು ಹೋಗಬಹುದೇ ಎಂದು ಬರೆದಿದ್ದೀಯ. ಅಲ್ಲಿ ಹಗ್ಗದ ಬಲೆ, ತೂಗುಸೇತುವೆ, ಎತ್ತರದ ಜಾರುಬಂಡೆ ಎಲ್ಲ ಇವೆ, ಅದಿತಿಗೆ ಆರು ತುಂಬಿದೆ, ಎರಡೂವರೆ ವರ್ಷದ ಚಿನ್ನು ಹೆದರಿದರೆ ನಾನೇ ತೊಡೆಯ ಮೇಲೆ ಕೂರಿಸಿಕೊಂಡು ಜಾರಲೇ ಎಂದು ಕೇಳಿದ್ದೀಯ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ಇದೊಂದನ್ನು ಕೇಳು: ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುಬಂಡೆಯಲ್ಲಿ ಇಳಿಯಲೇಬೇಡ. ಈ ಸಂದೇಶ ದೀರ್ಘವಾದರೂ ಗುಂಪಿನಲ್ಲಿರುವ ಎಲ್ಲರೂ ಕೊನೆಯವರೆಗೆ ಕೇಳಬೇಕು.

ನನ್ನ ಮಗ ರಾಘುವಿನ ಕಾಲು ಮುರಿದದ್ದು ನಿಮಗೆಲ್ಲ ಗೊತ್ತೇ ಇದೆ. ಅದು ಹೇಗೆ ಮುರಿಯಿತೆಂಬುದು ಮಾತ್ರ ನಮ್ಮ ಮನೆಯಲ್ಲೇ ಅರ್ಧ ಜನಕ್ಕೆ ಇಂದಿಗೂ ತಿಳಿಯದು. 1991ರ ಏಪ್ರಿಲ್ ತಿಂಗಳು, ಅವನಿಗೆ ಎರಡು ವರ್ಷ ತುಂಬಿ ಮೂರು ತಿಂಗಳಾಗಿತ್ತು. ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಕರೆದೊಯ್ದು ಪುಟಾಣಿ ರೈಲು ಹತ್ತಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮಧ್ಯಾಹ್ನ ಮೋಡ ಕವಿದದ್ದನ್ನು ನೋಡಿ ನಿಮ್ಮ ದೊಡ್ಡಪ್ಪ ಅಷ್ಟು ದೂರ ಬೇಡವೆಂದರು. ಜಯನಗರದ ಮನೆಯಿಂದ ನಡೆದೇ ಹೋಗಬಹುದಾದ ಪಾರ್ಕಿಗೆ ಹೋದೆವು. ಅಲ್ಲಿದ್ದ ತಗಡಿನ ಜಾರುಬಂಡೆ ನನ್ನ ಎತ್ತರಕ್ಕಿಂತ ಹೆಚ್ಚೇನೂ ಇರಲಿಲ್ಲ. ರಾಘು ಮೆಟ್ಟಿಲು ಹತ್ತಿ, ತುದಿಯಲ್ಲಿ ಕುಳಿತು, ಅಳತೊಡಗಿದ. ನಾನು ಹಿಂದೆಯೇ ಹತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ತೋಳಿನಿಂದ ಅವುಚಿ ಹಿಡಿದು ಜಾರಿದೆ. ಅರ್ಧ ದಾರಿಯಲ್ಲಿ ಅವನ ಬೂಟಿನ ರಬ್ಬರ್ ಅಟ್ಟೆ ಪಕ್ಕದ ತಗಡಿಗೆ ಕಚ್ಚಿಕೊಂಡಿತು. ಪಾದ ಅಲ್ಲೇ ನಿಂತಿತು, ನಾವಿಬ್ಬರೂ ಮುಂದಕ್ಕೆ ಹೋದೆವು. ಅವನು ಬೀಳಲಿಲ್ಲ. ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ. ಕೆಳಗೆ ಬಂದಾಗಲೂ ನನ್ನ ತೋಳಿನೊಳಗೇ ಇದ್ದ, ಆದರೆ ಅಂಥ ಚೀತ್ಕಾರವನ್ನು ಅವನ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ.

ಊತ ಹೆಚ್ಚಿರಲಿಲ್ಲವಾದ್ದರಿಂದ ಉಳುಕಿರಬೇಕೆಂದು ನಿಮ್ಮ ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ನೀವಿದರು. ಮರುದಿನ ಬೆಳಿಗ್ಗೆ ಅವನು ಆ ಕಾಲನ್ನು ನೆಲಕ್ಕೆ ಊರಲೇ ಇಲ್ಲ, ಅಂಬೆಗಾಲಿಟ್ಟುಕೊಂಡು ಅಡುಗೆಮನೆಗೆ ಬಂದ. ಆಗ ಮೂಳೆ ವೈದ್ಯರಲ್ಲಿಗೆ ಓಡಿದೆವು. ಎಕ್ಸ್‌ರೇಯಲ್ಲಿ ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಓರೆ ಗೆರೆ ಕಾಣಿಸಿತು. ಜಾರುಬಂಡೆಯೇ ಎಂದು ಅವರೇ ಕೇಳಿದರು, ಯಾರ ತೊಡೆಯ ಮೇಲೆ ಎಂದೂ ಕೇಳಿದರು. ಮಗು ಒಂಟಿಯಾಗಿ ಜಾರುವಾಗ ಬೂಟು ಸಿಕ್ಕಿಕೊಂಡರೆ ಅದರ 12 ಕಿಲೋ ತೂಕವಷ್ಟೇ ಕಾಲಿನ ಮೇಲೆ ಬರುತ್ತದೆ, ಹೆಚ್ಚಾಗಿ ಅದು ಅಲ್ಲೇ ನಿಂತುಬಿಡುತ್ತದೆ. ದೊಡ್ಡವರ ತೊಡೆಯ ಮೇಲಿದ್ದರೆ 60 ಕಿಲೋ ತೂಕ ಹಿಂದಿನಿಂದ ನೂಕುತ್ತಿರುತ್ತದೆ, ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ, ಎಳೆಯ ಮೂಳೆ ತಿರುಚಿಕೊಂಡು ಸೀಳುತ್ತದೆ ಎಂದು ಬಿಡಿಸಿ ಹೇಳಿದರು. ನಾಲ್ಕು ವಾರ ಪ್ಲಾಸ್ಟರ್ ಹಾಕಿದ್ದರು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಸುಮಾ: ಎಷ್ಟೇ ಅಳಲಿ, ಎಷ್ಟೇ ಚಿಕ್ಕ ಜಾರುಬಂಡೆಯಾಗಿರಲಿ, ಚಿನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಬೇಡ. ಹಿಂದಿನಿಂದ ಬರುವ ನಿನ್ನ ಭಾರವೇ ಅವನ ಕಾಲಿಗೆ ಅಪಾಯ.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ಕಮಲ ಈ ಗುಂಪಿನಲ್ಲೇ ಇದ್ದಾಳೆ, ಬೇಸರ ಮಾಡಿಕೊಳ್ಳಬಾರದು. ಆ ದಿನದಿಂದ ಇಂದಿನವರೆಗೂ, ಉಪನಯನವಾಗಲಿ, ಗೃಹಪ್ರವೇಶವಾಗಲಿ, ಕೊನೆಗೆ ರಾಘುವಿನ ಮದುವೆಯ ಬೀಗರೌತಣದಲ್ಲೂ, ನಾನು ಮಗುವನ್ನು ಬೀಳಿಸಿದೆನೆಂದೇ ನಮ್ಮ ಮನೆಯವರು ಹೇಳಿಕೊಂಡು ಬಂದಿದ್ದಾರೆ. ನಾನು ಬೀಳಿಸಲಿಲ್ಲ. ವೈದ್ಯರು ಹೇಳಿದ್ದನ್ನು ಮನೆಗೆ ಬಂದು ಹೇಳಿದಾಗ, ತಪ್ಪು ಮುಚ್ಚಿಕೊಳ್ಳಲು ಹೇಳುತ್ತಿದ್ದೇನೆಂದು ನಿಮ್ಮ ಅಜ್ಜಿ ಮುಖ ತಿರುಗಿಸಿದರು. ನನಗೆ ನೋವಾದದ್ದು ಒಂದು ಕಡೆ ಇರಲಿ. ಬೀಳಿಸಿದಳು ಎಂದು ಕೇಳಿದವರು ಕಲಿಯುವುದೇನು? ಇನ್ನೂ ಬಿಗಿಯಾಗಿ ಹಿಡಿದುಕೊಳ್ಳಬೇಕೆಂದು ಕಲಿಯುತ್ತಾರೆ. ಬಿಗಿಯಾಗಿ ಹಿಡಿದದ್ದರಿಂದಲೇ ಮುರಿಯಿತೆಂಬುದು ಯಾರ ಕಿವಿಗೂ ಬೀಳಲಿಲ್ಲ. ಅದು ಬಿದ್ದಿದ್ದರೆ, ಇಷ್ಟು ವರ್ಷಗಳ ಮೇಲೆ ನಮ್ಮ ಮನೆಯ ಹುಡುಗಿಯೇ ತೊಡೆಯ ಮೇಲೆ ಕೂರಿಸಿಕೊಳ್ಳಲೇ ಎಂದು ಕೇಳುವ ಪ್ರಸಂಗ ಬರುತ್ತಿರಲಿಲ್ಲ. ನೀನು ಕೇಳಿದ್ದು ತಪ್ಪಲ್ಲ ಮಗಳೇ, ನಿನಗೆ ಹೇಳಿದವರೇ ಇರಲಿಲ್ಲ.

ಇಷ್ಟು ಹೊತ್ತು ಮಾತಾಡಿ, ಹೋಗಬಹುದೇ ಎಂಬುದಕ್ಕೆ ಉತ್ತರವನ್ನೇ ಕೊಡಲಿಲ್ಲ ನೋಡು. ಖಂಡಿತ ಹೋಗು. ಮಕ್ಕಳು ಹತ್ತಬೇಕು, ಜೋತಾಡಬೇಕು. ಬೆಳಿಗ್ಗೆ ಎಂಟಕ್ಕೆಲ್ಲ ಅಲ್ಲಿರು. ಬೆಂಗಳೂರಿನ ಬೇಸಿಗೆಯಲ್ಲೂ ಹನ್ನೊಂದರ ಹೊತ್ತಿಗೆ ತಗಡು, ರಬ್ಬರ್ ಹಾಸು ಎರಡೂ ಅಂಗೈ ಇಡಲಾಗದಷ್ಟು ಕಾಯುತ್ತವೆ, ಮೊದಲು ನಿನ್ನ ಕೈ ಇಟ್ಟು ನೋಡಿ ಆಮೇಲೆ ಮಗುವನ್ನು ಬಿಡು. ಹತ್ತುವ ಆಟಗಳ ಕೆಳಗೆ ಆಳವಾದ ಮರಳೋ ಮೆತ್ತನೆಯ ಹಾಸೋ ಇರಬೇಕು; ಬರೀ ಸಿಮೆಂಟ್ ಟೈಲ್ಸ್ ಇದ್ದರೆ ಅದಿತಿಯನ್ನೂ ಹತ್ತಿಸಬೇಡ. ಚಿನ್ನುವಿಗೆ ಐದು ವರ್ಷದೊಳಗಿನವರ ಆಟಗಳೇ ಸಾಕು. ಅವನಿಗೆ ಜಾರುವ ಆಸೆಯಾದರೆ ಗಿಡ್ಡ ಜಾರುಬಂಡೆಯ ಪಕ್ಕದಲ್ಲಿ ನೀನು ನೆಲದ ಮೇಲೆ ನಿಂತು, ಅವನನ್ನು ಅರ್ಧ ಎತ್ತರದಲ್ಲಿ ಕೂರಿಸಿ, ಒಬ್ಬನೇ ಇಳಿಯಲು ಬಿಡು. ಒಲ್ಲೆನೆಂದರೆ ಆ ದಿನಕ್ಕೆ ಜಾರುವುದು ಬೇಡ, ಮರಳಿನಲ್ಲಿ ಆಡಿಕೊಳ್ಳಲಿ. ಅದಿತಿ ಸೈಕಲ್ಲಿನ ಹೆಲ್ಮೆಟ್ ಹಾಕಿಕೊಂಡೇ ಹಗ್ಗದ ಬಲೆ ಹತ್ತಬಾರದು. ಮೈ ನುಸುಳಿ ಹೆಲ್ಮೆಟ್ ಸಿಕ್ಕಿಕೊಂಡರೆ ಕೊರಳಿಗೆ ಉರುಳಾಗುತ್ತದೆ. ಯಾವ ಮಗುವಾದರೂ ಆಡಿ ಬಂದ ಮೇಲೆ ಕಾಲೂರಲು ಒಲ್ಲೆನೆಂದರೆ, ಊತ ಇಲ್ಲದಿದ್ದರೂ, ಎಣ್ಣೆ ನೀವದೆ ವೈದ್ಯರಿಗೆ ತೋರಿಸಿ.

ಕೊರಳ ವಿಷಯ ಬಂದಾಗ ನೆನಪಾಯಿತು, ಚಿನ್ನುವಿನ ಕತ್ತಿನಲ್ಲಿರುವ ಕಪ್ಪು ದಾರವನ್ನು ಮನೆಯಲ್ಲೇ ಬಿಚ್ಚಿಟ್ಟು ಹೊರಡು. ಆಟದ ಕಂಬಿಗೆ ಸಿಕ್ಕಿಕೊಂಡರೆ ಅದು ತುಂಡಾಗುವುದಿಲ್ಲ. ದೃಷ್ಟಿಗೆಂದು ಕಟ್ಟಿದ್ದನ್ನು ಏಕೆ ಬಿಚ್ಚಿದೆ ಎಂದು ನಿನ್ನ ಅತ್ತೆಯವರು ಕೇಳುತ್ತಾರೆ, ಗೊತ್ತಿದೆ. ಶನಿವಾರ ಸಂಜೆ ಅವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.