ಅಪ್‌ಡೇಟ್: ಅಪಾರ್ಟ್‌ಮೆಂಟಿನಲ್ಲಿ ವೆಟ್‌ಸೂಟ್ ಒಣಗಿಸುವ ದಾರಿ ಸಿಕ್ಕಿತು

ಮುಲ್ಕಿಯಲ್ಲಿ ಸರ್ಫಿಂಗ್ ಮುಗಿಸಿ ಬಂದ ಮೇಲೆ ಕುವೆಂಪುನಗರದ ನಮ್ಮ ಮೂರನೇ ಮಹಡಿ ಮನೆಯಲ್ಲಿ ವೆಟ್‌ಸೂಟ್ (ನೀರಲ್ಲಿ ಮೈ ಬೆಚ್ಚಗಿಡುವ, ಮೈಗಂಟುವ ರಬ್ಬರಿನಂಥ ಉಡುಪು) ಹೇಗೆ ಒಣಗಿಸಲಿ ಎಂದು ಕೇಳಿದ್ದೆ. ಬಾಲ್ಕನಿಯಲ್ಲಿ ಹಾಕಿದರೆ ಕೆಳಗಿನ ಮನೆ ಆಂಟಿಯ ಬಟ್ಟೆ ಮೇಲೆಲ್ಲ ಸೋರುತ್ತಿತ್ತು, ಪಾಪ.

ಈಗ ಬಚ್ಚಲಲ್ಲೇ ಬಕೆಟ್ ತಣ್ಣೀರಿನಲ್ಲಿ ಎರಡು ಸಲ ಅದ್ದಿ ಉಪ್ಪು ತೆಗೆಯುತ್ತೇನೆ. ಬಿಸಿನೀರು, ವಾಷಿಂಗ್ ಮೆಷಿನ್ ಬೇಡವೇ ಬೇಡ. ಹಿಂಡುವುದೂ ಇಲ್ಲ. ದಪ್ಪ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತಿದಂತೆ ಸುತ್ತಿ, ಮಂಡಿಯೂರಿ ಒತ್ತಿದರೆ ಎಷ್ಟು ನೀರು ಬರುತ್ತೆ ಅಂತೀರಾ! ಜಾಸ್ತಿ ಉಪಯೋಗವಾಗಿದ್ದು ಇದೇ. ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ಆಮೇಲೆ ಒಳಮೈ ಹೊರಗೆ ಮಾಡಿ, ಸೊಂಟದ ಹತ್ತಿರ ಮಡಚಿ, ದಪ್ಪ ಹ್ಯಾಂಗರ್ ಮೇಲೆ ಬಚ್ಚಲಲ್ಲೇ ಹಾಕುತ್ತೇನೆ. ಭುಜಕ್ಕೆ ಹ್ಯಾಂಗರ್ ತೂರಿಸಿದರೆ ನೀರಿನ ಭಾರಕ್ಕೆ ಅಲ್ಲೇ ಹಿಗ್ಗುತ್ತದೆ. ಸೋರುವುದು ನಿಂತ ಮೇಲೆ ಫ್ಯಾನ್ ಕೆಳಗೆ. ಮೊದಲು ಬಿಸಿಲಿಗೆ ಹಾಕುತ್ತಿದ್ದೆ, ಅದು ತಪ್ಪು. ಬಿಸಿಲಿಗೆ ನಿಯೋಪ್ರೀನ್ (ಸೂಟ್ ಮಾಡಿರುವ ರಬ್ಬರ್) ಬರಬರುತ್ತಾ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ನನ್ನದು 3 ಮಿ.ಮೀ. ದಪ್ಪದ ಸೂಟ್. ರಾತ್ರಿ ಹಾಕಿದರೆ ಬೆಳಗ್ಗೆಗೆ ಒಳಭಾಗ ಒಣಗಿರುತ್ತದೆ. ತಿರುಗಿಸಿ ಹಾಕಿದರೆ ಸಂಜೆಗೆ ಪೂರ್ತಿ ಆಯ್ತು. ಮುಗ್ಗಲು ವಾಸನೆಯೂ ಹೋಗಿದೆ. ಝಿಪ್ಪಿಗೆ ಮೇಣ ಹಚ್ಚುವುದೊಂದು ಬಾಕಿ ಇದೆ, ಈ ಭಾನುವಾರ ಮಾಡುತ್ತೇನೆ.