ಅಜ್ಜಿ, ಮೊಮ್ಮಕ್ಕಳ ಜೊತೆ ರೈಲಿನಲ್ಲಿ ವಿಜಯಪುರ: ಎರಡು ದಿನ ಸಾಲುತ್ತದೆಯೇ?

ಪ್ರಶ್ನೆ: ಡಿಸೆಂಬರಿನ ಒಂದು ಶುಕ್ರವಾರ ಸಂಜೆ ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಶನಿವಾರ ಬೆಳಗ್ಗೆ ವಿಜಯಪುರದಲ್ಲಿ ಇಳಿದು, ಭಾನುವಾರ ಸಂಜೆಯ ರೈಲಿಗೆ ಮರಳಬೇಕೆಂದಿದ್ದೇವೆ. ನಾವು ದಂಪತಿ, ಒಂಬತ್ತು ಮತ್ತು ನಾಲ್ಕು ವರ್ಷದ ಮಕ್ಕಳು, ಮೊಣಕಾಲು ನೋವಿರುವ 68 ವರ್ಷದ ನಮ್ಮ ತಾಯಿ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಡಬಹುದು ಎಂದು ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಎರಡು ದಿನ ಧಾರಾಳವಾಗಿ ಸಾಲುತ್ತದೆ; ಆದರೆ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಗೋಲಗುಂಬಜ್ ನಿಲ್ದಾಣಕ್ಕೆ ಹತ್ತಿರವೇ ಇರುವುದರಿಂದ ಕೋಣೆಯಲ್ಲಿ ಸಾಮಾನು ಇಟ್ಟವರೇ ನೇರವಾಗಿ ಅಲ್ಲಿಗೆ ಹೋದೆವು. ಮೂಲೆಯ ಗೋಪುರದ ಇಕ್ಕಟ್ಟಾದ, ಕಡಿದಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರಿ, ಗುಂಬಜಿನ ಒಳಸುತ್ತಿನ ಮೊಗಸಾಲೆಗೆ ಕಾಲಿಟ್ಟಾಗ ಹೊತ್ತು ಹನ್ನೊಂದಾಗಿತ್ತು. ಅಷ್ಟರಲ್ಲಿ ಶಾಲಾ ಪ್ರವಾಸದ ಎರಡು ಬಸ್ಸಿನ ಮಕ್ಕಳು ಅಲ್ಲಿ ಸೇರಿದ್ದರು. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಕಾಲವೆಂಬುದು ನಮಗೆ ಹೊಳೆದಿರಲಿಲ್ಲ. ಒಂದು ಕೂಗನ್ನು ಏಳೆಂಟು ಬಾರಿ ಮರಳಿಸುವ ಜಾಗದಲ್ಲಿ ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಏನಾಗುತ್ತದೆಂದು ನೀವೇ ಊಹಿಸಿಕೊಳ್ಳಿ. ನಮ್ಮ ಕಿರಿಯವಳು ಕಿವಿ ಮುಚ್ಚಿಕೊಂಡು ಅಳತೊಡಗಿದಳು, ಐದೇ ನಿಮಿಷದಲ್ಲಿ ಕೆಳಗಿಳಿದೆವು.

ಮನಸ್ಸು ತಡೆಯದೆ ಭಾನುವಾರ ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಮಗನನ್ನು ಕರೆದುಕೊಂಡು ಮತ್ತೆ ಹತ್ತಿದೆ. ಮೇಲೆ ನಮ್ಮನ್ನು ಬಿಟ್ಟರೆ ಪಾರಿವಾಳಗಳಷ್ಟೇ ಇದ್ದವು. ಅವನನ್ನು ಎದುರು ಬದಿಗೆ ಕಳುಹಿಸಿ ನಾನು ಈಚೆ ಗೋಡೆಗೆ ಕಿವಿ ಕೊಟ್ಟು ಕುಳಿತೆ. ನಡುವೆ ಸುಮಾರು 38 ಮೀಟರ್ ಅಗಲದ ಖಾಲಿ ಜಾಗ. ಅವನು ಮಾತನಾಡುವ ಮೊದಲೇ ನೀರಿನ ಬಾಟಲಿಯ ಮುಚ್ಚಳ ತಿರುವಿದ ಕಟಕಟ ಸದ್ದು, ಅದರ ಹಿಂದೆಯೇ ಅವನು ಗುಟುಕರಿಸಿದ್ದು, ನನ್ನ ಪಕ್ಕದಲ್ಲೇ ಕುಳಿತು ಕುಡಿದಂತೆ ಕೇಳಿಸಿತು. ಆದ್ದರಿಂದ ಗೋಲಗುಂಬಜನ್ನು ಭಾನುವಾರದ ಮುಂಜಾನೆಗೇ ಮೀಸಲಿಡಿ.

ನಿಮ್ಮ ತಾಯಿಯವರು ಮೇಲೇರುವುದು ಬೇಡ. ಏಳು ಅಂತಸ್ತಿನಷ್ಟು ಎತ್ತರವದು, ಕೆಲವು ಮೆಟ್ಟಿಲುಗಳು ಮೊಣಕಾಲುದ್ದವಿವೆ. ಕೆಳಗಿನ ಸಭಾಂಗಣವೇನೂ ಕಡಿಮೆಯದಲ್ಲ. ನಡುವೆ ಒಂದು ಕಂಬವೂ ಇಲ್ಲದೆ, ಒಂದನ್ನೊಂದು ಹಾಯುವ ಕಮಾನುಗಳೇ ಅಷ್ಟು ದೊಡ್ಡ ಗುಂಬಜನ್ನು ಹೊತ್ತಿರುವುದನ್ನು ಕೆಳಗೆ ನಿಂತೇ ಚೆನ್ನಾಗಿ ನೋಡಬಹುದು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನದೂ ಅವನ ಮನೆಯವರದೂ ಎಂದು ಅಲ್ಲಿ ಕಾಣುವವು ಗುರುತಿನ ಗೋರಿಗಳು ಮಾತ್ರ; ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ.

ಶನಿವಾರ ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಇಬ್ರಾಹಿಂ ರೋಜಾಕ್ಕೆ ಹೋಗಿ. ಒಂದೇ ಜಗಲಿಯ ಮೇಲೆ ಗೋರಿ, ಮಸೀದಿ ಎದುರುಬದುರಾಗಿ ನಿಂತಿವೆ. ಕಿಟಕಿಯ ಜಾಲಂಧ್ರಗಳನ್ನು ಹತ್ತಿರದಿಂದ ನೋಡಲು ಮಕ್ಕಳಿಗೆ ಹೇಳಿ. ದೂರಕ್ಕೆ ಬಳ್ಳಿಯಂತೆ ಕಾಣುವುದು ಕಲ್ಲಿನಲ್ಲಿ ಕೊರೆದ ಅರಬ್ಬಿ ಅಕ್ಷರಗಳ ಸಾಲು. ಗೋಲಗುಂಬಜಿನದು ಗಾತ್ರದ ಬೆರಗು, ಇದರದು ಕೈಕೆಲಸದ ಬೆರಗು. ನನ್ನ ಮಟ್ಟಿಗೆ ಇದೇ ಒಂದು ಕೈ ಮೇಲು.

ಉತ್ತರ 2: ಟಿಕೆಟ್ ಬಗ್ಗೆ ಎರಡು ಮಾತು. ಈಗ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು, ಅಂದೇ ಮಾಡಿಬಿಡಿ. ತತ್ಕಾಲ್ ಇದ್ದೇ ಇದೆಯಲ್ಲ ಎಂದು ಕುಳಿತ ನಾನು ಒಮ್ಮೆ ವೇಟಿಂಗ್ ಲಿಸ್ಟಿನಲ್ಲೇ ಉಳಿದು, ಕಟ್ಟಿದ ಬುತ್ತಿಯನ್ನು ಮನೆಯಲ್ಲೇ ಬಿಚ್ಚಿ ಉಂಡಿದ್ದೇನೆ. ನಾಲ್ಕು ವರ್ಷದ ಮಗುವಿಗೆ ಟಿಕೆಟ್ ಬೇಕಿಲ್ಲ. ಒಂಬತ್ತರ ಮಗುವಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ರಾತ್ರಿಯ ಪ್ರಯಾಣವಾದ್ದರಿಂದ ಪೂರ್ತಿ ಕೊಡುವುದೇ ಲೇಸು. 45 ದಾಟಿದ ಮಹಿಳೆಯರಿಗೆ ಕೆಳ ಬರ್ತಿನ ಕೋಟಾ ಇದೆ. ಆದರೆ ಎಲ್ಲರನ್ನೂ ಒಂದೇ ಟಿಕೆಟಿನಲ್ಲಿ ಸೇರಿಸಿದರೆ ಅದು ಅನ್ವಯಿಸದು. ತಾಯಿಯವರಿಗೆ ಬೇರೆ ಟಿಕೆಟ್ ಮಾಡಿಸಿದರೆ ಕೆಳ ಬರ್ತ್ ಸಿಗುವ ಸಾಧ್ಯತೆ ಹೆಚ್ಚು, ಬೋಗಿ ಬೇರೆಯಾಗುವ ಅಪಾಯವೂ ಉಂಟು.

ಉತ್ತರ 3: ನಾನು ಆ ಊರಿನವಳು. ಮೊದಲ ಉತ್ತರ ಬರೆದವರು ಮಲಿಕ್-ಎ-ಮೈದಾನ್ ತೋಪನ್ನು ಹೇಗೆ ಮರೆತರೋ ತಿಳಿಯದು. ಮಕ್ಕಳಿಗೆ ಇಷ್ಟವಾಗುವುದೇ ಅದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪಿನ ಬಾಯಿ ಸಿಂಹದ ತೆರೆದ ಬಾಯಿಯಂತಿದ್ದು, ಅದರ ದವಡೆಯಲ್ಲಿ ಪುಟ್ಟ ಆನೆಯೊಂದು ಸಿಕ್ಕಿಕೊಂಡಿದೆ. ಆನೆಯನ್ನು ಹುಡುಕಿ ಎಂದರೆ ಸಾಕು, ಮಕ್ಕಳು ಅಲ್ಲಿಂದ ಕದಲುವುದಿಲ್ಲ. ತೋಪಿರುವ ಬುರುಜು ಇಬ್ರಾಹಿಂ ರೋಜಾದ ದಾರಿಯಲ್ಲೇ ಸಿಗುವುದರಿಂದ ಬೇರೆ ಓಡಾಟವಿಲ್ಲ. ಸಮೀಪದ ಉಪ್ಪಲಿ ಬುರುಜನ್ನು ಬಿಟ್ಟುಬಿಡಿ, ಹೊರಸುತ್ತಿನ ಆ ಮೆಟ್ಟಿಲು ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ.

ನೀವು ಮೇಲಿರುವಷ್ಟು ಹೊತ್ತು ಅಮ್ಮನವರು ಗುಂಬಜಿನ ಮುಂದಿನ ತೋಟದ ನೆರಳಿನಲ್ಲಿ ಕುಳಿತಿರಲಿ. ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ ತೆರೆದ ಮೇಲೆ ಎಲ್ಲರೂ ಕೂಡಿ ನೋಡಬಹುದು. ಆಟೋದವರೊಂದಿಗೆ ಜಾಗಗಳ ಹೆಸರು, ಕಾಯುವ ಹೊತ್ತು ಎರಡನ್ನೂ ಹೇಳಿಯೇ ದರ ಮಾತಾಡಿಕೊಳ್ಳಿ.

ಊಟಕ್ಕೆ ಖಾನಾವಳಿಗೆ ಹೋಗಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಮೊಸರು ಬರುತ್ತವೆ. ಖಾರ ಕಡಿಮೆ ಎಂದು ಮೊದಲೇ ಹೇಳಿದರೂ ನಮ್ಮ ಕಡಿಮೆ ಖಾರ ಬೆಂಗಳೂರಿನ ಮಕ್ಕಳಿಗೆ ಜಾಸ್ತಿಯೇ ಆದೀತು, ಆದ್ದರಿಂದ ಕಿರಿಯ ಮಗುವಿಗೆ ಮೊಸರನ್ನ ಹೇಳಿಬಿಡಿ. ಮರಳುವ ರಾತ್ರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಶೇಂಗಾ ಹೋಳಿಗೆ ಕಟ್ಟಿಸಿಕೊಂಡರೆ ರೈಲಿನ ಊಟಕ್ಕೆ ಕಾಯಬೇಕಾಗಿಲ್ಲ, ಉಳಿದದ್ದು ಸೋಮವಾರ ಮಕ್ಕಳ ಶಾಲೆಯ ಡಬ್ಬಿಗೂ ಆಗುತ್ತದೆ.