ಜಾಮುಲಸ್‌ನಲ್ಲಿ ವೃಂದಗಾನ: ಚರಣಕ್ಕೆ ಬರುವಷ್ಟರಲ್ಲಿ ಲಯ ಎಳೆಯುತ್ತಿದೆ, ಸಹಾಯ ಮಾಡಿ

ವೃಂದ_ಮೈಸೂರು:
ನಮ್ಮದು ಹವ್ಯಾಸಿ ವೃಂದಗಾನ ತಂಡ. ಕೆಲವರು ಸರಸ್ವತಿಪುರಂ, ಕೆಲವರು ಮಂಡ್ಯ, ಒಬ್ಬರು ಮದ್ದೂರು. ವಾರಕ್ಕೊಮ್ಮೆ ಎಲ್ಲರೂ ಸೇರುವುದು ಆಗುತ್ತಿಲ್ಲ, ಅದಕ್ಕೇ ಅವರವರ ಮನೆಯಿಂದಲೇ ನೆಟ್ ಮೂಲಕ ಒಟ್ಟಿಗೆ ಹಾಡುವ ಸಾಫ್ಟ್‌ವೇರ್ ಜಾಮುಲಸ್ ಹಾಕಿಕೊಂಡೆವು. ಪಲ್ಲವಿ ಚೆನ್ನಾಗಿಯೇ ಎತ್ತುತ್ತೇವೆ. ಆಮೇಲೆ ಒಬ್ಬರಿಗೊಬ್ಬರು ಕಾಯುತ್ತಾ ಕಾಯುತ್ತಾ ಆದಿತಾಳ ವಿಳಂಬಕ್ಕೆ ಇಳಿದುಬಿಡುತ್ತದೆ. ನೆಟ್ 100 ಎಂಬಿಪಿಎಸ್ ಇದೆ, ಸೆಟ್ಟಿಂಗ್ ಎಲ್ಲಾ ಸರಿ ಇದೆ. ಯುಗಾದಿ ಕಾರ್ಯಕ್ರಮ ಹತ್ತಿರ ಬಂತು. ತುಂಬಾ ಬೇಜಾರಾಗಿದೆ.

ಫೈಬರ್_ಮಂಡ್ಯ:
ಎಲ್ಲರ ದನಿ ಸೇರಿಸಿ ವಾಪಸ್ ಕಳಿಸುವ ಸರ್ವರ್ ಎಲ್ಲಿದೆ ಸರ್? ಯುರೋಪಿನದಾದರೆ ಆಸೆ ಬಿಡಿ. ಫೈಬರ್‌ನಲ್ಲಿ ಸಿಗ್ನಲ್ 200 ಕಿ.ಮೀ. ಹೋಗಲು ಒಂದು ಮಿಲಿಸೆಕೆಂಡ್ ಬೇಕು. ಹೋಗಿ ಬರುವುದು ಎರಡೂ ಸೇರಿಸಿ ನೋಡಿ.

ವೃಂದ_ಮೈಸೂರು:
ಮುಂಬೈಯಲ್ಲಿ ಬಾಡಿಗೆಗೆ ತೆಗೆದುಕೊಂಡಿದ್ದೇವೆ. ಪಿಂಗ್, ಅಂದರೆ ಸಿಗ್ನಲ್ ಸರ್ವರ್‌ಗೆ ಹೋಗಿ ಬರುವ ಸಮಯ, 28 ಮಿಲಿಸೆಕೆಂಡ್. ಜಾಮುಲಸ್‌ನಲ್ಲಿ ತಡ ಎಷ್ಟೆಂದು ತೋರಿಸುವ ಡಿಲೇ ದೀಪ ಹಸಿರಾಗಿಯೇ ಇದೆ.

ಫೈಬರ್_ಮಂಡ್ಯ:
ಹಾಗಾದರೂ ಸರ್ವರ್‌ದೇ ತೊಂದರೆ. ಬೇರೆ ಕಂಪನಿಯದು ಹಾಕಿ ನೋಡಿ.

ಮಂದ್ರಸ್ಥಾಯಿ:
ಶ್ರುತಿ ಯಾರು ಹಾಕುತ್ತೀರಿ? ಒಬ್ಬರ ಮೈಕ್‌ನಿಂದ ಎಲ್ಲರಿಗೂ ಹೋಗಬೇಕು.

ತಂಬೂರಿ_ಕುವೆಂಪುನಗರ:
ಯಾಕೆ? ಶ್ರುತಿಗೆ ತಾಳ ಇಲ್ಲವಲ್ಲ, ತಡವಾದರೂ ಗೊತ್ತಾಗುವುದಿಲ್ಲ. ಪ್ರತಿಯೊಬ್ಬರೂ ಅವರವರ ಮನೆಯಲ್ಲೇ ಹಾಕಿಕೊಳ್ಳಲಿ.

ಮಂದ್ರಸ್ಥಾಯಿ:
ಒಬ್ಬೊಬ್ಬರ ಆಪ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಕಿವಿಗೆ ಚುಚ್ಚುತ್ತದೆ ಮೇಡಂ. ನಾನು ಒಪ್ಪುವುದಿಲ್ಲ.

ಹೋಮ್‌ಸ್ಟುಡಿಯೊ_ವಿಜಯನಗರ:
ನನ್ನದು ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಸ್ಕಾರ್ಲೆಟ್ ಸೋಲೋ ಪೆಟ್ಟಿಗೆ, ಎಸ್‌ಎಂ58 ಮೈಕ್, ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್. 48 ಕಿಲೋಹರ್ಟ್ಸ್, ಬಫರ್ (ಶಬ್ದವನ್ನು ಒಂದೊಂದು ಸಲಕ್ಕೆ ಕಳಿಸುವ ತುಣುಕಿನ ಅಳತೆ, ಚಿಕ್ಕದಾದಷ್ಟೂ ತಡ ಕಡಿಮೆ) 64. ಬೆಣ್ಣೆ ಥರ ಓಡುತ್ತದೆ. ಎಸ್‌ಎಂ58 1966ರಿಂದ ಇದೆ, ಇನ್ನೂ ಅದನ್ನು ಮೀರಿಸುವುದು ಕಷ್ಟ.

ಕಾವೇರಿ_ಶ್ರೀರಂಗಪಟ್ಟಣ:
ಅದೆಲ್ಲಾ ಇರಲಿ. ಕಿವಿಗೆ ಏನು ಹಾಕಿಕೊಳ್ಳುತ್ತೀರಿ? ಬ್ಲೂಟೂತ್ ಅಲ್ಲ ತಾನೆ?

ವೃಂದ_ಮೈಸೂರು:
ಮೂರು ಜನ ನೆಕ್‌ಬ್ಯಾಂಡ್ ಹಾಕುತ್ತಾರೆ. ಹೊಸದು, ಸೌಂಡ್ ಚೆನ್ನಾಗಿದೆ.

ಕಾವೇರಿ_ಶ್ರೀರಂಗಪಟ್ಟಣ:
ಮೊದಲು ಅದನ್ನು ತೆಗೆಸಿ. ಬ್ಲೂಟೂತ್ ಒಂದೇ 150ರಿಂದ 200 ಮಿಲಿಸೆಕೆಂಡ್ ತಿನ್ನುತ್ತದೆ. ಆ ಹಸಿರು ದೀಪ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 30 ಮಿಲಿಸೆಕೆಂಡ್ ಅಂದರೆ 10 ಮೀಟರ್ ದೂರ, ಹೇಗೋ ಹಾಡಬಹುದು. 200 ಅಂದರೆ ಸುಮಾರು 70 ಮೀಟರ್. ಪುರಭವನದ ವೇದಿಕೆ ಮೇಲಿರುವವರ ಜೊತೆ ಹೊರಗೆ ರಸ್ತೆಯಲ್ಲಿ ನಿಂತು ಹಾಡಿದ ಹಾಗೆ. ಅವರು ತಡವಾಗಿ ಕೇಳಿಸಿಕೊಂಡು ತಡವಾಗಿ ಹಾಡುತ್ತಾರೆ, ಉಳಿದವರು ಅವರಿಗೆ ಕಾಯುತ್ತಾರೆ. ವೈರ್ ಹೆಡ್‌ಫೋನ್, ಲ್ಯಾನ್ ಕೇಬಲ್, ವಿಂಡೋಸ್ ಇದ್ದರೆ ಶಬ್ದದ ತಡ ಕಡಿಮೆ ಮಾಡುವ ಏಸಿಯೊ ಡ್ರೈವರ್, ಬಫರ್ 128. ತಾಳ ಒಬ್ಬರೇ ಹಾಕಲಿ. ಅವರು ಮಾತ್ರ ಯಾರಿಗೂ ಕಾಯಬಾರದು.

ಫೈಬರ್_ಮಂಡ್ಯ:
ಸರ್ವರ್ ಬದಲಾಯಿಸಿದರೂ ಒಳ್ಳೆಯದೇ.

ವೃಂದ_ಮೈಸೂರು:
ಮೂವರಿಗೂ ವೈರ್ ಇರುವುದನ್ನು ಕೊಟ್ಟೆವು. ನಿನ್ನೆ ಪಲ್ಲವಿ, ಅನುಪಲ್ಲವಿ ಗಟ್ಟಿಯಾಗಿ ನಿಂತವು! ಚರಣದಲ್ಲಿ ಮದ್ದೂರಿನವರ ದನಿ ಮಾತ್ರ ಮಧ್ಯೆ ಮಧ್ಯೆ ಮುರಿಯುತ್ತದೆ. ಅವರದು ಮೊಬೈಲ್ ಹಾಟ್‌ಸ್ಪಾಟ್.

ಕಾವೇರಿ_ಶ್ರೀರಂಗಪಟ್ಟಣ:
ಹಾಟ್‌ಸ್ಪಾಟ್‌ನಲ್ಲಿ ಪಿಂಗ್ ಒಂದೇ ಸಮ ಇರುವುದಿಲ್ಲ. ಆ ಏರುಪೇರು ಸರಿದೂಗಿಸಲು ದನಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜಿಟ್ಟರ್ ಬಫರ್ ಅವರದು ಸ್ವಲ್ಪ ಜಾಸ್ತಿ ಮಾಡಿ. ದನಿ ಮುರಿಯುವುದು ನಿಲ್ಲುತ್ತದೆ, ಆದರೆ ತಡ ಜಾಸ್ತಿಯಾಗುತ್ತದೆ. ಮನೆಗೆ ಫೈಬರ್ ಲೈನ್ ಸಿಗುತ್ತದಾ ಕೇಳಿ.

ಮಂದ್ರಸ್ಥಾಯಿ:
ಶ್ರುತಿ ವಿಷಯ ಯಾರೂ ಹೇಳಲೇ ಇಲ್ಲ.

ಹೊಸಬ_ಪಾಂಡವಪುರ:
ವಿಜಯನಗರದ ಸರ್, ಸ್ಕಾರ್ಲೆಟ್ ಎಷ್ಟಕ್ಕೆ ತೆಗೆದುಕೊಂಡಿರಿ? ಮೈಸೂರಿನಲ್ಲೇ ಸಿಗುತ್ತದಾ?